ಬ್ರೋಕರ್ ಇಲ್ಲದೆ ಮನೆ ಮಾರಾಟ: ಬೋರ್ಡಿಗಿಂತ ಮುಂಚೆ ಕಾಗದ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 30x40 ನಿವೇಶನದಲ್ಲಿ ನಮ್ಮ ತಂದೆ 1998ರಲ್ಲಿ ಕಟ್ಟಿಸಿದ ಮನೆ ಇದೆ. ಆಮೇಲೆ ಮಹಡಿಯ ಮೇಲೆ ಎರಡು ಕೋಣೆ ಹಾಕಿಸಿದ್ದೇವೆ. ನಿವೇಶನ ತಂದೆಯ ಸ್ವಂತ ದುಡಿಮೆಯದು. ಅವರು ಉಯಿಲು ಬರೆಯದೆ ತೀರಿಕೊಂಡರು, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ನಮ್ಮ ತಾಯಿ, ನಾನು, ಇಬ್ಬರು ತಂಗಿಯರು ಇದ್ದೇವೆ. ಚಿಕ್ಕ ತಂಗಿ ಅಮೆರಿಕದಲ್ಲಿದ್ದಾಳೆ. ಸುಮಾರು 1 ಕೋಟಿ 20 ಲಕ್ಷ ಬರಬಹುದೆಂಬ ಅಂದಾಜು. ಬ್ರೋಕರ್‌ಗಳು ಎರಡು ಪರ್ಸೆಂಟ್ ಕೇಳುತ್ತಿದ್ದಾರೆ. ನಾವೇ ಮಾರಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಮಾರಬಹುದು. ಮನೆ ಮಾರಲು ಮಧ್ಯವರ್ತಿ ಇರಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಶೇ 2 ಅಂದರೆ ನಿಮ್ಮ ಲೆಕ್ಕದಲ್ಲಿ 2 ಲಕ್ಷ 40 ಸಾವಿರ. ಅದರಲ್ಲಿ ಒಂದು ಪಾಲನ್ನು ಆಸ್ತಿ ವ್ಯವಹಾರ ಬಲ್ಲ ಸಿವಿಲ್ ವಕೀಲರಿಗೂ ಒಬ್ಬ ಆಡಿಟರ್‌ಗೂ ಕೊಡಿ, ಉಳಿದದ್ದು ನಿಮ್ಮ ಕುಟುಂಬದ್ದು. ಬ್ರೋಕರ್ ಮಾಡುವ ಕೆಲಸದಲ್ಲಿ ಗಿರಾಕಿ ಹುಡುಕುವುದು ಸುಲಭದ ಭಾಗ. ನಿಮ್ಮ ಕಾಗದಪತ್ರ ಕೊಳ್ಳುವವರ ಬ್ಯಾಂಕಿನ ವಕೀಲರ ಕೈಯಲ್ಲಿ ಪಾಸಾಗಬೇಕು, ಹಣ ಮತ್ತು ಸಹಿ ಸರಿಯಾದ ಕ್ರಮದಲ್ಲಿ ಬರಬೇಕು. ಕಷ್ಟ ಇರುವುದು ಇವೆರಡರಲ್ಲಿ.

ನಿಮ್ಮ ಮನೆ ಇವತ್ತಿನ ಸ್ಥಿತಿಯಲ್ಲಿ ಮಾರಾಟಕ್ಕೆ ಸಿದ್ಧವಾಗಿಲ್ಲ. ಈಗಲೇ ಗೇಟಿಗೆ ಬೋರ್ಡು ತಗುಲಿಸಿದರೆ ಒಳ್ಳೆಯ ಗಿರಾಕಿ ಬಂದು, ಖಾತೆ ಕೇಳಿ, ‘ಆದಮೇಲೆ ತಿಳಿಸಿ’ ಎಂದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಕಾಗದ ಸರಿಯಿಲ್ಲದ ಮನೆಗೆ ಕಾದು ಕೂರುವವರು ಬೆಲೆ ಇಳಿಸಲೆಂದೇ ಕಾಯುವವರು. ಮೊದಲ ಎರಡು ಮೂರು ತಿಂಗಳನ್ನು ಪೂರ್ತಿ ಕಾಗದಕ್ಕೆ ಮೀಸಲಿಡಿ.

ಮಾರುವವರು ಯಾರು?

ತಂದೆ ಉಯಿಲಿಲ್ಲದೆ ತೀರಿಕೊಂಡಿರುವುದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ತಾಯಿ, ನೀವು, ಇಬ್ಬರು ತಂಗಿಯರು ತಲಾ ನಾಲ್ಕನೇ ಒಂದು ಪಾಲಿನ ಮಾಲೀಕರು. ತಂದೆಯ ತಾಯಿ, ಅಂದರೆ ನಿಮ್ಮ ಅಜ್ಜಿ, ಮಗ ತೀರಿಕೊಂಡ ದಿನ ಬದುಕಿದ್ದರೆ ಅವರಿಗೂ ಸಮಪಾಲು ಇತ್ತು. ಆಗ ಐದು ಪಾಲು ಆಗುತ್ತದೆ, ಅಜ್ಜಿ ಆಮೇಲೆ ತೀರಿಕೊಂಡಿದ್ದರೆ ಆ ಪಾಲು ಅವರ ವಾರಸುದಾರರಿಗೆ, ಅಂದರೆ ನಿಮ್ಮ ಚಿಕ್ಕಪ್ಪ, ಅತ್ತೆಯಂದಿರಿಗೂ ಹೋಗಿರುತ್ತದೆ. ಇದನ್ನು ಮರೆತ ಮಾರಾಟಗಳು ಎಷ್ಟೋ ವರ್ಷದ ನಂತರ ಕೋರ್ಟಿನಲ್ಲಿ ಎದ್ದು ಕೂರುತ್ತವೆ. ದಿನಾಂಕಗಳನ್ನು ಇಟ್ಟುಕೊಂಡು ವಕೀಲರ ಜೊತೆ ಮೊದಲು ಇದನ್ನೇ ನೋಡಿ.

‘ತಂಗಿಯರಿಗೆ ಮದುವೆ ಮಾಡಿಕೊಟ್ಟಾಗಿದೆ, ಅವರ ಸಹಿ ಏಕೆ’ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟದ್ದು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ಆದ್ದರಿಂದ ಕ್ರಯಪತ್ರದಲ್ಲಿ ನಾಲ್ವರೂ ಮಾರಾಟಗಾರರಾಗಿಯೇ ಬರಬೇಕು. ಬರೀ ಸಾಕ್ಷಿಯ ಜಾಗದಲ್ಲಿ ತಂಗಿಯರ ಸಹಿ ಹಾಕಿಸಿದರೆ ಸಾಲದು.

ಕೊಳ್ಳುವವರ ವಕೀಲರು ನಿಮ್ಮ ವಯಸ್ಕ ಮಕ್ಕಳ ಸಹಿಯನ್ನೂ ಒಪ್ಪಿಗೆ ಸಾಕ್ಷಿಯಾಗಿ ಕೇಳಬಹುದು. ತಂದೆಯ ಸ್ವಯಾರ್ಜಿತ ಆಸ್ತಿ ಮಗನಿಗೆ ಬಂದರೆ ಅದು ಮಗನ ಸ್ವಂತದ್ದು, ಮೊಮ್ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ಆದರೂ ಮಕ್ಕಳು ಊರಲ್ಲೇ ಇದ್ದರೆ ಸಹಿ ಹಾಕಿಸಿಬಿಡುವುದು ಒಳ್ಳೆಯದು. ವಾದದಲ್ಲಿ ಗೆದ್ದು ಗಿರಾಕಿಯನ್ನು ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲ.

ಅಮೆರಿಕದ ತಂಗಿ ಬರಲಾಗದಿದ್ದರೆ ಈ ಮನೆಗೆ ಮಾತ್ರ ಅನ್ವಯಿಸುವ ವಿಶೇಷ ಅಧಿಕಾರ ಪತ್ರವನ್ನು ನಿಮಗೋ ತಾಯಿಗೋ ಕೊಡಬೇಕು. ಅದರಲ್ಲಿ ಮನೆಯ ಪೂರ್ತಿ ಷೆಡ್ಯೂಲು, ಚಕ್ಕುಬಂದಿ, ಕರಾರಿಗೆ ಸಹಿ ಹಾಕುವ, ಕ್ರಯಪತ್ರ ಬರೆದುಕೊಡುವ, ಅದನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಬಿಡಿಬಿಡಿಯಾಗಿ ಇರಲಿ. ಆಕೆಯ ಪಾಲಿನ ಹಣ ಆಕೆಯ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದಲ್ಲಿ ಇಡುವ ಬ್ಯಾಂಕ್ ಖಾತೆ) ಹೋಗಬೇಕೆಂದೂ ಬರೆಸಿ. ಪತ್ರವನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬಹುದು, ಇಲ್ಲವೇ ನೋಟರಿ ಮಾಡಿಸಿ ಅಪೊಸ್ಟಿಲ್ ಎಂಬ ಸರ್ಕಾರಿ ದೃಢೀಕರಣ ಹಾಕಿಸಬಹುದು. ಪತ್ರ ಭಾರತಕ್ಕೆ ಬಂದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ 3 ತಿಂಗಳನ್ನು ದಾಟಿಸಿಕೊಂಡು ಒದ್ದಾಡುವವರು ಬಹಳ. ಕೊರಿಯರ್ ಕವರ್ ಎಸೆಯಬೇಡಿ, ತಲುಪಿದ ದಿನಾಂಕಕ್ಕೆ ಅದೇ ಪುರಾವೆ. ನೋಂದಣಿಯ ಹೊತ್ತಿಗೆ, ಅಧಿಕಾರ ಕೊಟ್ಟವರು ಜೀವಂತವಿದ್ದಾರೆ, ಅಧಿಕಾರ ರದ್ದಾಗಿಲ್ಲ ಎಂಬ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ತಂಗಿ ತನ್ನ ಪಾಲನ್ನು ತಾಯಿಗೆ ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಟ್ಟರೆ ಕೆಲಸ ಸರಳವಾಗುತ್ತದೆ, ಕುಟುಂಬದೊಳಗೆ ಅದರ ಶುಲ್ಕವೂ ಸಣ್ಣದು. ಆದರೆ ಸಹಿ ಬಿದ್ದ ಮೇಲೆ ಆ ಪಾಲಿನ ಮೇಲೆ ಆಕೆಗೆ ಕಾನೂನಿನ ಹಕ್ಕು ಉಳಿಯುವುದಿಲ್ಲ. ನಿಜವಾಗಿಯೂ ಬಿಟ್ಟುಕೊಡುವ ಮನಸ್ಸಿದ್ದರೆ ಮಾತ್ರ ಈ ದಾರಿ. ತೆರಿಗೆ ತಪ್ಪಿಸಲು ಅಥವಾ ಅನುಕೂಲಕ್ಕೆಂದು ತಂಗಿಯಿಂದ ಇದನ್ನು ಬರೆಸಿಕೊಳ್ಳಬೇಡಿ.

ಖಾತೆ, ಋಣಭಾರ, ಅಳತೆ

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಬೇಕಾದದ್ದು ತಂದೆಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಮದುವೆಯಾದ ತಂಗಿಯರ ಹೆಸರೂ ಅದರಲ್ಲಿ ಇರಬೇಕು. ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಎಂದು ಯಾರಾದರೂ ಹೇಳಿದರೆ ಓಡಬೇಡಿ. ಅದು ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ ಸಂಬಂಧಿಸಿದ್ದು, ಸ್ಥಿರಾಸ್ತಿಗೆ ಬೇಕಿಲ್ಲ.

ಖಾತೆ ನಾಲ್ವರ ಹೆಸರಿಗೆ ಬಂದಮೇಲೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ರೂಪ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತಾ ಇಲ್ಲದೆ ನಿವೇಶನ, ಮನೆಗಳ ಮಾರಾಟ ನೋಂದಣಿಯಾಗುವುದಿಲ್ಲ. ನಗರದ ಆಸ್ತಿಗಳಿಗೆ ಇ-ಆಸ್ತಿ, ಗ್ರಾಮ ಪಂಚಾಯಿತಿಯವಕ್ಕೆ ಇ-ಸ್ವತ್ತು. ಮೂಲಪತ್ರ, ಇತ್ತೀಚಿನ ಕಂದಾಯ ರಸೀದಿ, ಋಣಭಾರ ಪ್ರಮಾಣಪತ್ರ, ಕರೆಂಟ್ ಬಿಲ್, ಮನೆಯ ಫೋಟೊ, ಎಲ್ಲ ಮಾಲೀಕರ ಆಧಾರ್ ಸಿದ್ಧವಿರಲಿ. ಬಹುತೇಕ ತಡವಾಗುವುದು ಹೆಸರಿನ ವ್ಯತ್ಯಾಸದಿಂದ. ಮೂಲಪತ್ರದಲ್ಲಿ ‘ಕೆ. ರಾಮಯ್ಯ’, ಮರಣ ಪ್ರಮಾಣಪತ್ರದಲ್ಲಿ ‘ರಾಮಯ್ಯ ಕೆ.ಎಸ್.’, ತಾಯಿಯ ಆಧಾರ್‌ನಲ್ಲಿ ಒಂದು ಹೆಸರು, ವಂಶವೃಕ್ಷದಲ್ಲಿ ಇನ್ನೊಂದು ಎಂಬಂಥ ತೊಡಕುಗಳು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಋಣಭಾರ ಪ್ರಮಾಣಪತ್ರ, ಎಲ್ಲರೂ ಇಸಿ ಎನ್ನುವುದು, 2004ರಿಂದೀಚೆಯದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕೊಳ್ಳುವವರ ಬ್ಯಾಂಕ್ 30 ವರ್ಷದ್ದು ಕೇಳಬಹುದು ಎಂದುಕೊಂಡೇ ತೆಗೆಸಿ. ಅದರಲ್ಲಿ ವಿಶೇಷವಾಗಿ ನೋಡಬೇಕಾದದ್ದು ತಂದೆ ಮನೆ ಕಟ್ಟಲು ತೆಗೆದುಕೊಂಡಿದ್ದ ಸಾಲ. ಸಾಲ ಯಾವತ್ತೋ ತೀರಿದ್ದರೂ ಅಡಮಾನದ ಖುಲಾಸೆ ಪತ್ರ ನೋಂದಣಿಯಾಗದಿದ್ದರೆ ಅಡಮಾನ ಇಸಿಯಲ್ಲಿ ಹಾಗೇ ನಿಂತಿರುತ್ತದೆ. ಬ್ಯಾಂಕಿನಿಂದ ಖುಲಾಸೆ ಬರೆಸಿ ನೋಂದಾಯಿಸಬೇಕು. ಸಾಲ ಇನ್ನೂ ಬಾಕಿ ಇರುವ ಬೇರೆ ಓದುಗರಿಗೆ ಒಂದು ಮಾತು: ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲಪತ್ರ ಹಿಂದಿರುಗಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮವಿದು.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ನಿವೇಶನ ಹಂಚಿದ್ದು ಸಿಐಟಿಬಿ (ನಗರಾಭಿವೃದ್ಧಿಯ ಹಳೆಯ ಮಂಡಳಿ), ಅದರ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಮುಡಾ ಬಂದದ್ದು 1988ರಲ್ಲಿ. ಹಂಚಿಕೆ ಪತ್ರ, ಗುತ್ತಿಗೆ ಸಹಿತ ಕ್ರಯದ ಕರಾರು, ಸ್ವಾಧೀನ ಪತ್ರ, ಕೊನೆಗೆ ಪ್ರಾಧಿಕಾರ ಬರೆದುಕೊಟ್ಟ ಕ್ರಯಪತ್ರ ಅಥವಾ ಹಕ್ಕುಪತ್ರ, ಈ ಸರಪಳಿಯ ಪ್ರತಿ ಕೊಂಡಿಯೂ ನಿಮ್ಮ ಹತ್ತಿರ ಇರಬೇಕು. ಗುತ್ತಿಗೆ ಕರಾರಿನಲ್ಲೇ ನಿಂತುಹೋಗಿ, ಕೊನೆಯ ಪತ್ರ ಮಾಡಿಸಿಕೊಳ್ಳದೇ ಇರುವ ಮನೆಗಳು ಇವೆ. ಅಂಥದ್ದಾದರೆ ಮೊದಲು ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ.

ಬಾಯಲ್ಲಿ 30x40 ಎನ್ನುವ ನಿವೇಶನ ಪತ್ರದಲ್ಲಿ 9x12 ಮೀಟರ್ ಇರಬಹುದು. 30x40 ಅಡಿ ಎಂದರೆ 1,200 ಚದರಡಿ. 9x12 ಮೀಟರ್ ಎಂದರೆ 108 ಚದರ ಮೀಟರ್, ಅಂದರೆ ಸುಮಾರು 1,162 ಚದರಡಿ. ವ್ಯತ್ಯಾಸ 37 ಚದರಡಿಯೇ, ಆದರೆ ಚದರಡಿಗೆ 9,000 ಎಂದು ಮಾತಾದರೆ ಮೂರು ಲಕ್ಷದ ಮೇಲೆ. ಇದನ್ನು ಅಡ್ವಾನ್ಸ್ ಆದಮೇಲೆ ಕೊಳ್ಳುವವರು ಕಂಡುಹಿಡಿದರೆ ಮಿಕ್ಕ ಎಲ್ಲ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಪತ್ರದ ಅಳತೆಯನ್ನೇ ಹೇಳಿ.

ಮಹಡಿ ಕೋಣೆಗಳಿಗೆ ನಕ್ಷೆ ಮಂಜೂರಾಗಿದೆಯೇ? ಇಲ್ಲದಿದ್ದರೆ ಬ್ಯಾಂಕಿನ ಎಂಜಿನಿಯರ್ ಅಷ್ಟು ಭಾಗವನ್ನು ಮೌಲ್ಯಕ್ಕೆ ಸೇರಿಸದೇ ಹೋಗಬಹುದು, ಆಗ ಕೊಳ್ಳುವವರಿಗೆ ಸಾಲ ಕಡಿಮೆ ಬರುತ್ತದೆ. ಕಂದಾಯದಲ್ಲಿ ಆ ಕೋಣೆಗಳು ಸೇರಿಲ್ಲದಿದ್ದರೆ ಸೇರಿಸಿ ಬಾಕಿ ಕಟ್ಟಿ. ನಕ್ಷೆ ಇಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಬೆಲೆ

ಬೆಲೆಯನ್ನು ಎರಡು ತುಂಡಾಗಿ ಕಟ್ಟಿ: ನೆಲಕ್ಕೊಂದು, ಕಟ್ಟಡಕ್ಕೊಂದು. ಉದಾಹರಣೆಗೆ ನಿಮ್ಮ ರಸ್ತೆಯಲ್ಲಿ ನೆಲ ಚದರಡಿಗೆ 9,000 ಎಂದಿಟ್ಟುಕೊಂಡರೆ 1,162 ಚದರಡಿಗೆ 1 ಕೋಟಿ 4 ಲಕ್ಷ 58 ಸಾವಿರ. ಕಟ್ಟಡ 1,400 ಚದರಡಿ, ಇಂದು ಅಂಥದ್ದನ್ನು ಕಟ್ಟಲು ಚದರಡಿಗೆ 2,000 ಎಂದರೆ 28 ಲಕ್ಷ. ಆರ್‌ಸಿಸಿ ಕಟ್ಟಡಕ್ಕೆ 60 ವರ್ಷದ ಆಯಸ್ಸು, ಕೊನೆಗೆ ಶೇ 10 ಉಳಿಕೆ ಮೌಲ್ಯ ಎಂದು ಹಿಡಿದರೆ 28 ವರ್ಷಕ್ಕೆ ಶೇ 42 ಸವೆತ. ಉಳಿಯುವುದು 16 ಲಕ್ಷ 24 ಸಾವಿರ. ಒಟ್ಟು 1 ಕೋಟಿ 20 ಲಕ್ಷದ ಆಸುಪಾಸು. ಮಾಲೀಕರು ತಪ್ಪುವುದು ಹೆಚ್ಚಾಗಿ ಈ ಎರಡನೇ ತುಂಡಿನಲ್ಲಿ: ತೇಗದ ಬಾಗಿಲು, ಗ್ರಾನೈಟ್ ನೆಲಕ್ಕೆ ತಾವು ಹಾಕಿದ ದುಡ್ಡು ಪೂರ್ತಿ ಬರಬೇಕೆಂದು ನಿರೀಕ್ಷಿಸುತ್ತಾರೆ. ಹಳೆಯ ಮನೆ ಕೊಳ್ಳುವವರಲ್ಲಿ ಅನೇಕರು ಕೆಡವಿ ಕಟ್ಟುವವರು, ಅವರು ನೆಲಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ.

ನೆಲದ ದರಕ್ಕೆ ಜಾಹೀರಾತುಗಳನ್ನು ನಂಬಬೇಡಿ, ಅವು ಕೇಳುವ ಬೆಲೆ. ನಿಮ್ಮ ಕ್ರಾಸ್‌ನಲ್ಲಿ ಈಚೆಗೆ ಮಾರಿದವರನ್ನು, ಅದೇ ಬಡಾವಣೆಯ ಇಬ್ಬರು ಡೀಡ್ ರೈಟರ್‌ಗಳನ್ನು ವಿಚಾರಿಸಿ. ಸರ್ಕಾರದ ಮಾರ್ಗಸೂಚಿ ದರವನ್ನೂ ಕಾವೇರಿ ತಾಣದಲ್ಲಿ ನೋಡಿಡಿ. ಅದಕ್ಕಿಂತ ಕಡಿಮೆಗೆ ಮಾರಿದರೂ ಮುದ್ರಾಂಕ ಶುಲ್ಕ ಅದರ ಮೇಲೇ ಬೀಳುತ್ತದೆ. ಅದು ನಿಮ್ಮ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ ನಿಮ್ಮ ಲಾಭದ ತೆರಿಗೆಯೂ ಆ ದರದ ಮೇಲೇ ಲೆಕ್ಕವಾಗುತ್ತದೆ.

ಕೊಳ್ಳುವವರ ಕಿಸೆಯ ಲೆಕ್ಕವೂ ನಿಮಗೆ ಗೊತ್ತಿರಲಿ, ಚೌಕಾಸಿ ನಿಲ್ಲುವುದು ಅಲ್ಲೇ. 1 ಕೋಟಿ 20 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ 5ರಂತೆ 6 ಲಕ್ಷ, ಅದರ ಮೇಲೆ ಸೆಸ್ 60 ಸಾವಿರ, ಸರ್ಚಾರ್ಜ್ 12 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ, ಅದು 2 ಲಕ್ಷ 40 ಸಾವಿರ. ಒಟ್ಟು 9 ಲಕ್ಷ 12 ಸಾವಿರ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲದಲ್ಲಿ ಬ್ಯಾಂಕ್ ಕೊಡುವುದು ಹೆಚ್ಚೆಂದರೆ ಮೌಲ್ಯದ ಶೇ 75. ಅಂದರೆ 90 ಲಕ್ಷ ಸಾಲ ಸಿಕ್ಕರೂ ಕೊಳ್ಳುವವರು ಸ್ವಂತವಾಗಿ 39 ಲಕ್ಷ ತರಬೇಕು. ‘ನಿಮ್ಮ ಕೈಯಲ್ಲಿರುವ ಹಣವೆಷ್ಟು, ಬ್ಯಾಂಕಿನಿಂದ ಮಂಜೂರಾತಿ ಪತ್ರ ಬಂದಿದೆಯೇ’ ಎಂದು ಕೇಳಲು ಸಂಕೋಚ ಬೇಡ.

ಗಿರಾಕಿ

ನೋಬ್ರೋಕರ್, 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್‌ಗಳಲ್ಲಿ ಮಾಲೀಕರೇ ಹಾಕಬಹುದು. ಮೈಸೂರಿನಂಥ ಊರಿನಲ್ಲಿ ಗೇಟಿನ ಬೋರ್ಡು, ಬಡಾವಣೆಯ ವಾಟ್ಸ್ಯಾಪ್ ಗುಂಪು, ಪಕ್ಕದ ಬೀದಿಯವರ ಬಾಯಿಮಾತು ಇವೂ ಅಷ್ಟೇ ಕೆಲಸ ಮಾಡುತ್ತವೆ. ಜಾಹೀರಾತಿನಲ್ಲಿ ನಿವೇಶನದ ಅಳತೆ, ದಿಕ್ಕು, ರಸ್ತೆಯ ಅಗಲ, ಕಟ್ಟಿದ ವರ್ಷ, ಕಾವೇರಿ ನೀರೋ ಬೋರೋ, ಕಾರು ನಿಲ್ಲುತ್ತದೆಯೇ, ಇ-ಖಾತಾ ಆಗಿದೆ ಎಂಬುದನ್ನು ಬರೆಯಿರಿ. ಹೆಬ್ಬಾಗಿಲ ದಿಕ್ಕು, ಅಡುಗೆಮನೆ ಯಾವ ಮೂಲೆ ಎಂದು ಹತ್ತರಲ್ಲಿ ಎಂಟು ಜನ ಮೊದಲ ಫೋನಿನಲ್ಲೇ ಕೇಳುತ್ತಾರೆ. ಸರಿಯಾಗಿ ನೋಡಿ ಹೇಳಿ, ವಾಸ್ತು ಒಪ್ಪದವರ ಭೇಟಿ ತಪ್ಪುತ್ತದೆ. ಆಷಾಢ, ಪಿತೃಪಕ್ಷದಲ್ಲಿ ವಿಚಾರಣೆ ಕಡಿಮೆಯಾದರೆ ಬೆಲೆ ಇಳಿಸಬೇಡಿ. ಶ್ರಾವಣ ಬಂದಮೇಲೆ, ನವರಾತ್ರಿಯ ಹೊತ್ತಿಗೆ ಜನ ತಾವೇ ಬರುತ್ತಾರೆ.

ಸೋರುವ ಜಾಗ ಮುಚ್ಚಿಸಿ, ಒಳಗೆ ಬಿಳಿ ಸುಣ್ಣಬಣ್ಣ ಮಾಡಿಸಿ. ಅದಕ್ಕಿಂತ ಹೆಚ್ಚು ಖರ್ಚು ಬೇಡ. ಫೋನು ಮಾಡುವವರಲ್ಲಿ ಅರ್ಧದಷ್ಟು ಬ್ರೋಕರ್‌ಗಳೇ ಇರುತ್ತಾರೆ. ‘ನಮ್ಮ ಕಡೆಯಿಂದ ಕಮಿಷನ್ ಇಲ್ಲ’ ಎಂದು ಮೆಸೇಜಿನಲ್ಲಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ್ದು ಆಮೇಲೆ ಜಗಳವಾಗುತ್ತದೆ. ಬೆಲೆ ಮಾತಾಡುವವರು ನಾಲ್ವರಲ್ಲಿ ಒಬ್ಬರೇ ಆಗಿರಲಿ.

ಮನೆ ನೋಡದೆಯೇ ‘ಟೋಕನ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರು ಮೋಸಗಾರರು. ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲೀ ಪಿನ್ ಒತ್ತುವುದಾಗಲೀ ಇರುವುದಿಲ್ಲ. ಮೂಲಪತ್ರಗಳನ್ನು ಮನೆಯಲ್ಲೇ ತೋರಿಸಿ. ಆಸಕ್ತಿ ಗಟ್ಟಿ ಎನಿಸಿದವರಿಗೆ ಮಾತ್ರ ಜೆರಾಕ್ಸ್ ಕೊಡಿ, ಪ್ರತಿ ಪುಟದ ಮೇಲೆ ಅಡ್ಡಲಾಗಿ ‘ಪರಿಶೀಲನೆಗೆ ಮಾತ್ರ’, ಅವರ ಹೆಸರು, ದಿನಾಂಕ ಬರೆದು. ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು.

ಕರಾರು

ಇಬ್ಬರ ಮಾತೂ ಕೂಡಿದಮೇಲೆ ಇ-ಸ್ಟ್ಯಾಂಪ್ ಮೇಲೆ ಕ್ರಯದ ಕರಾರು. ಅಡ್ವಾನ್ಸ್ ಸಾಮಾನ್ಯವಾಗಿ ಶೇ 10. ಇದನ್ನು ಡೀಡ್ ರೈಟರ್‌ನ ಸಿದ್ಧ ನಮೂನೆಗೆ ಬಿಡಬೇಡಿ, ನಿಮ್ಮ ವಕೀಲರೇ ಬರೆಯಲಿ. ಅವಧಿ ಇಷ್ಟು ದಿನ ಎಂದು ಇರಬೇಕು, ಸಾಲದ ಗಿರಾಕಿಗೆ 60ರಿಂದ 90 ದಿನ ಸಾಕು. ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಕಾರಣವಿಲ್ಲದೆ ಅವರು ಹಿಂದೆ ಸರಿದರೆ ಎಷ್ಟು ಕಡಿತ, ನೀವು ಹಿಂದೆ ಸರಿದರೆ ಏನು ಕೊಡಬೇಕು, ಇವೆಲ್ಲ ಅಂಕಿಯಲ್ಲಿ ಇರಲಿ. ಫ್ಯಾನು, ಯುಪಿಎಸ್, ಸೋಲಾರ್ ಹೀಟರ್, ಮೋಟಾರು ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬ ಸಣ್ಣ ವಿಷಯವನ್ನೂ ಬರೆಸಿ, ಬೀಗದ ಕೈ ಕೊಡುವ ದಿನದ ಜಗಳ ಬಹುಪಾಲು ಇದರಿಂದಲೇ.

ಕರಾರನ್ನು ನೋಂದಣಿ ಮಾಡಿಸೋಣ ಎಂದು ಕೊಳ್ಳುವವರು ಕೇಳಿದರೆ ಯೋಚಿಸಿ. ನೋಂದಣಿಯಾದ ಕರಾರು ಇಸಿಯಲ್ಲಿ ಕಾಣಿಸುತ್ತದೆ, ವ್ಯವಹಾರ ಮುರಿದರೆ ಅದನ್ನು ತೆಗೆಸಲು ಅವರೇ ಬಂದು ರದ್ದು ಪತ್ರಕ್ಕೆ ಸಹಿ ಹಾಕಬೇಕು. ಅವರು ಬಾರದಿದ್ದರೆ ನಿಮ್ಮ ಮನೆ ಬೇರೆಯವರಿಗೆ ಮಾರಲಾಗದೆ ಕೂರುತ್ತದೆ. ಅಡ್ವಾನ್ಸ್ ದೊಡ್ಡದಾಗಿದ್ದು ಅವರ ಭಯ ನ್ಯಾಯವಾದದ್ದೇ ಆದರೆ ಒಪ್ಪಬಹುದು, 10 ಪರ್ಸೆಂಟ್‌ಗೆ ಬೇಡ. ಪೂರ್ತಿ ಹಣ ಬರುವ ಮುಂಚೆ ಸ್ವಾಧೀನ ಕೊಡಬೇಡಿ, ‘ಬಣ್ಣ ಹೊಡೆಸಿಕೊಳ್ಳುತ್ತೇವೆ, ಬೀಗ ಕೊಡಿ’ ಎಂದರೂ ಸಹ. ಕೊಳ್ಳುವವರಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಡುವ ಮಾತೇ ಬೇಡ. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ನಗದಿನ ಮಾತು ಬಂದೇ ಬರುತ್ತದೆ: ‘80 ಲಕ್ಷಕ್ಕೆ ರಿಜಿಸ್ಟರ್ ಮಾಡಿ, 40 ಕ್ಯಾಶ್ ಕೊಡುತ್ತೇವೆ.’ ಇದರಲ್ಲಿ ಉಳಿತಾಯ ಅವರದು, ಅಪಾಯ ನಿಮ್ಮದು. ಸ್ಥಿರಾಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ (1961ರ ಕಾಯ್ದೆಯಲ್ಲಿ ಕಲಂ 269ಎಸ್‌ಎಸ್) ನಿಷೇಧಿಸಿದೆ, ಪಡೆದಷ್ಟೇ ಮೊತ್ತ ದಂಡ, ದಂಡ ಬೀಳುವುದು ಪಡೆದವರ ಮೇಲೆ. ಆ 40 ಲಕ್ಷವನ್ನು ಬ್ಯಾಂಕಿಗೆ ಹಾಕಲಾಗುವುದಿಲ್ಲ, ಇನ್ನೊಂದು ಮನೆ ಕೊಂಡು ತೆರಿಗೆ ವಿನಾಯಿತಿ ಪಡೆಯಲಾಗುವುದಿಲ್ಲ, ಅಮೆರಿಕದ ತಂಗಿಗೆ ಕಳಿಸಲಾಗುವುದಿಲ್ಲ. ನಾಲ್ಕು ಪಾಲುದಾರರಿರುವ ಮನೆಯಲ್ಲಿ ಲೆಕ್ಕವಿಲ್ಲದ ಹಣ ಅಣ್ಣತಂಗಿಯರ ನಡುವಿನ ಸಂಬಂಧವನ್ನೂ ಕೆಡಿಸುತ್ತದೆ. ಪೂರ್ತಿ ಬಿಳಿಯಲ್ಲಿ ಕೊಡುವವರು ಎರಡು ಮೂರು ಲಕ್ಷ ಕಡಿಮೆ ಕೇಳಿದರೂ ಅವರಿಗೇ ಕೊಡಿ.

ಟಿಡಿಎಸ್ ಮತ್ತು ತೆರಿಗೆ

(ಕೆಳಗಿನ ಕಲಂ, ಫಾರಂ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.)

ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಳೆದು ಸರ್ಕಾರಕ್ಕೆ ಕಟ್ಟಬೇಕು. ಪಾಲು ತಲಾ 30 ಲಕ್ಷವೇ ಆದರೂ ಮಿತಿ ನೋಡುವುದು ಒಟ್ಟು ಬೆಲೆಗೆ. ಭಾರತದಲ್ಲಿರುವ ನಿಮ್ಮ ಮೂವರಿಗೆ ತಲಾ 30 ಸಾವಿರ. ಕೊಳ್ಳುವ ಪ್ರತಿಯೊಬ್ಬರೂ ಮಾರುವ ಪ್ರತಿಯೊಬ್ಬರಿಗೂ ಬೇರೆ ಫಾರಂ 26ಕ್ಯೂಬಿ ತುಂಬಬೇಕು. ಗಂಡಹೆಂಡತಿ ಜಂಟಿಯಾಗಿ ಕೊಂಡರೆ ನಿಮ್ಮ ಮೂವರಿಗೇ ಆರು ಫಾರಂ. ಒಂದೇ ಫಾರಂನಲ್ಲಿ ಎಲ್ಲ ತುರುಕಿ ತಾಯಿಯ ಪ್ಯಾನ್‌ಗೆ ಪೂರ್ತಿ ಕಟ್ಟುವುದು ಬಹಳ ಸಾಮಾನ್ಯವಾದ ತಪ್ಪು. ಚಲನ್‌ಗಳನ್ನು ನೋಂದಣಿಗೆ ಮುಂಚೆಯೇ ಕೇಳಿ ಪಡೆಯಿರಿ.

ತಂಗಿಯ ಪಾಲಿಗೆ ನಿಯಮವೇ ಬೇರೆ. ಅನಿವಾಸಿಗೆ 50 ಲಕ್ಷದ ಮಿತಿ ಇಲ್ಲ, ದರವೂ ಶೇ 1 ಅಲ್ಲ. ದೀರ್ಘಾವಧಿ ಲಾಭದ ಶೇ 12.5, ಅದರ ಮೇಲೆ ಶೇ 4 ಸೆಸ್ ಸೇರಿ ಶೇ 13. ಲಾಭವೆಷ್ಟೆಂದು ಕೊಳ್ಳುವವರಿಗೆ ಗೊತ್ತಾಗದ ಕಾರಣ ಸಾಮಾನ್ಯವಾಗಿ ಪೂರ್ತಿ 30 ಲಕ್ಷದ ಮೇಲೆ 3 ಲಕ್ಷ 90 ಸಾವಿರ ಕಳೆದುಬಿಡುತ್ತಾರೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ತಂಗಿ ಮುಂಚೆಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಕೊಳ್ಳಬೇಕು, ಕರಾರಾದ ವಾರದಲ್ಲೇ, ಯಾಕೆಂದರೆ ಅದು ಬರಲು ವಾರಗಳೇ ಹಿಡಿಯುತ್ತವೆ. ಆಕೆಗೆ ಪ್ಯಾನ್ ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ಈ ಲಾಭವನ್ನು ಆಕೆ ಅಮೆರಿಕದ ರಿಟರ್ನ್‌ನಲ್ಲೂ ತೋರಿಸಬೇಕು.

ಲಾಭದ ಲೆಕ್ಕದಲ್ಲಿ, ವಾರಸಾಗಿ ಬಂದ ಆಸ್ತಿಗೆ ತಂದೆ ಕೊಟ್ಟ ಬೆಲೆಯೇ ನಿಮ್ಮ ಬೆಲೆ. 2001ಕ್ಕೆ ಹಿಂದಿನದಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನು ಹಿಡಿಯಬಹುದು, ಆ ದಿನದ ಮಾರ್ಗಸೂಚಿ ಮೌಲ್ಯವನ್ನು ಮೀರದಂತೆ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ನಂತರ ಎರಡು ದಾರಿ: ಹಳೆಯ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವ ಸೂಚ್ಯಂಕವಿಲ್ಲದೆ ಶೇ 12.5, ಅಥವಾ ಸೂಚ್ಯಂಕದೊಂದಿಗೆ ಶೇ 20. 2024ರ ಜುಲೈ 23ಕ್ಕೆ ಮುಂಚೆ ಪಡೆದ ಆಸ್ತಿಗೆ ಭಾರತದ ನಿವಾಸಿಗಳು ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು, ಅನಿವಾಸಿಗೆ ಈ ಆಯ್ಕೆ ಇಲ್ಲ. 2025-26ರ ಸೂಚ್ಯಂಕ 376. ಸೆಸ್ ಬಿಟ್ಟು ಒಟ್ಟು ಮನೆಗೆ ಲೆಕ್ಕ ಹಾಕಿದರೆ, 2001ರ ಮೌಲ್ಯ 8 ಲಕ್ಷವಾದರೆ ಮೊದಲ ದಾರಿಯಲ್ಲಿ ತೆರಿಗೆ 14 ಲಕ್ಷ, ಎರಡನೆಯದರಲ್ಲಿ ಸುಮಾರು 17 ಲಕ್ಷ 98 ಸಾವಿರ. ಮೌಲ್ಯ 15 ಲಕ್ಷವಾದರೆ ಮೊದಲನೆಯದು 13 ಲಕ್ಷ 12 ಸಾವಿರ, ಎರಡನೆಯದು 12 ಲಕ್ಷ 72 ಸಾವಿರ. ಮೌಲ್ಯಮಾಪನ ವರದಿ ಎಷ್ಟು ಮುಖ್ಯ ಎಂಬುದು ಇಲ್ಲೇ ಕಾಣುತ್ತದೆ.

ತೆರಿಗೆ ಉಳಿಸಲು ಬೇರೆ ಮನೆ ಕೊಳ್ಳುವುದಾದರೆ ಮಾರುವ 1 ವರ್ಷ ಮುಂಚೆ ಅಥವಾ 2 ವರ್ಷದೊಳಗೆ, ಕಟ್ಟಿಸುವುದಾದರೆ 3 ವರ್ಷದೊಳಗೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದವರೆಗೂ ಹಣ ಬಳಕೆಯಾಗದಿದ್ದರೆ ಅದನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು, ಸಾಮಾನ್ಯ ಎಫ್‌ಡಿ ನಡೆಯುವುದಿಲ್ಲ. ಮನೆ ಬೇಡದವರಿಗೆ ಲಾಭದ ತೆರಿಗೆಗೆ ವಿನಾಯಿತಿ ಕೊಡುವ 54ಇಸಿ ಬಾಂಡ್: ಮಾರಿದ 6 ತಿಂಗಳೊಳಗೆ, ಒಬ್ಬರಿಗೆ 50 ಲಕ್ಷದವರೆಗೆ, 5 ವರ್ಷ ತೆಗೆಯುವಂತಿಲ್ಲ, ಬಡ್ಡಿಗೆ ತೆರಿಗೆ ಇದೆ. ನಿಮ್ಮಲ್ಲಿ ಪ್ರತಿಯೊಬ್ಬರ ಲಾಭವೂ 30 ಲಕ್ಷದೊಳಗೇ ಇರುವುದರಿಂದ, ನಾಲ್ವರೂ ಬಯಸಿದರೆ ಬಾಂಡ್ ಒಂದರಲ್ಲೇ ತೆರಿಗೆ ಸೊನ್ನೆಯಾಗಬಹುದು. ತಾಯಿಗೆ ಆ ಹಣ ಚಿಕಿತ್ಸೆಗೋ ಮನೆಖರ್ಚಿಗೋ ಬೇಕಾಗಬಹುದಾದರೆ ಅವರ ಪಾಲನ್ನು ಬಾಂಡಿನಲ್ಲಿ ಕಟ್ಟಿಹಾಕಬೇಡಿ, ತೆರಿಗೆ ಕಟ್ಟಿಬಿಡಿ. ಅವರಿಗೆ ಬೇರೆ ಆದಾಯ ಇಲ್ಲದಿದ್ದರೆ ಮೂಲ ವಿನಾಯಿತಿ ಮಿತಿಯಷ್ಟು ಲಾಭ ತೆರಿಗೆಯಿಂದ ಹೊರಗುಳಿಯುತ್ತದೆ.

ನೋಂದಣಿಯ ದಿನ

ಕಾವೇರಿ 2.0ರಲ್ಲಿ ಕ್ರಯಪತ್ರದ ಕರಡು, ವಿವರಗಳನ್ನು ತುಂಬಿ ಕಳಿಸಿದರೆ ಉಪನೋಂದಣಾಧಿಕಾರಿ ಪರಿಶೀಲಿಸುತ್ತಾರೆ, ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು, ತಾಯಿಗೆ ಮೆಟ್ಟಿಲು ಹತ್ತುವುದು ಕಷ್ಟವಾದರೆ ನೆಲಮಹಡಿಯ ಕಚೇರಿ ಆರಿಸಿಕೊಳ್ಳಿ. ಕರಡಿನ ಷೆಡ್ಯೂಲನ್ನು ಇ-ಖಾತಾ ಪಕ್ಕದಲ್ಲಿಟ್ಟು ಅಕ್ಷರಕ್ಷರ ಓದಿ. ಪೂರ್ವಕ್ಕೆ ರಸ್ತೆ ಇರುವ ಕಡೆ ಪಶ್ಚಿಮ ಎಂದಾದರೆ ತಿದ್ದುಪಡಿ ಪತ್ರಕ್ಕೆ ನಾಲ್ವರೂ ಮತ್ತೆ ಬರಬೇಕು.

ಹಣದ ಕ್ರಮ ಹೀಗಿರಲಿ. ಕೊಳ್ಳುವವರ ಸ್ವಂತ ಪಾಲು ನೋಂದಣಿಗೆ ಒಂದೆರಡು ದಿನ ಮುಂಚೆಯೇ ಆರ್‌ಟಿಜಿಎಸ್ ಮೂಲಕ ನಾಲ್ಕು ಖಾತೆಗೆ. ಸಾಲದ ಭಾಗ ಬ್ಯಾಂಕಿನ ಡಿಡಿಯಾಗಿ, ನಾಲ್ವರ ಹೆಸರಿನಲ್ಲಿ ಬೇರೆಬೇರೆಯಾಗಿ. ಡಿಡಿಯ ನಂಬರನ್ನು ಕೊಟ್ಟ ಶಾಖೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ, ಆ ಶಾಖೆಯ ನಂಬರು ಬ್ಯಾಂಕಿನ ಅಧಿಕೃತ ತಾಣದ್ದಾಗಿರಲಿ. ಪ್ರತಿ ಪಾವತಿಯ ಸಂಖ್ಯೆ, ದಿನಾಂಕ, ಟಿಡಿಎಸ್ ಚಲನ್ ಕ್ರಯಪತ್ರದಲ್ಲೇ ನಮೂದಾಗಬೇಕು. ಡಿಡಿ ಕೈಗೆ ಬಂದಮೇಲೆ ಸಹಿ, ಹೆಬ್ಬೆಟ್ಟು, ಫೋಟೊ. ನಂತರ ಮೂಲಪತ್ರಗಳ ಪಟ್ಟಿ ಮಾಡಿ, ಸ್ವೀಕರಿಸಿದ್ದಕ್ಕೆ ಸಹಿ ಪಡೆದು ಕೊಡಿ. ‘ಬ್ಯಾಂಕಿನವರು ನಾಳೆ ಡಿಡಿ ಕೊಡುತ್ತಾರೆ, ಇವತ್ತು ರಿಜಿಸ್ಟರ್ ಮುಗಿಸೋಣ’ ಎಂದರೆ ನೋಂದಣಿಯನ್ನೂ ನಾಳೆಗೇ ಇಟ್ಟುಕೊಳ್ಳಿ.

ಕೊಡುವ ಮುಂಚೆ ಎಲ್ಲ ಪತ್ರಗಳ ಪೂರ್ತಿ ಪ್ರತಿ ನಿಮ್ಮಲ್ಲಿ ಉಳಿಯಲಿ, ತೆರಿಗೆ ಇಲಾಖೆ ಕೆಲವು ವರ್ಷದ ನಂತರವೂ ಕೇಳಬಹುದು. ಕರೆಂಟ್ ಕಂಪನಿ ಸೆಸ್ಕ್‌ನ ಮೀಟರಿನ ಅಂದಿನ ರೀಡಿಂಗ್ ಫೋಟೊ ತೆಗೆದು, ಕರೆಂಟ್ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆಯ ಅರ್ಜಿಗೆ ಅವತ್ತೇ ಸಹಿ ಹಾಕಿ, ಠೇವಣಿ ಹಣ ಯಾರಿಗೆ ಎಂಬುದನ್ನೂ ಮಾತಾಡಿಕೊಳ್ಳಿ. ಖಾತೆ ಬದಲಾವಣೆ ಕೊಳ್ಳುವವರ ಕೆಲಸ, ಆದರೂ ಒಂದೆರಡು ತಿಂಗಳ ನಂತರ ಇ-ಆಸ್ತಿಯಲ್ಲಿ ಅವರ ಹೆಸರು ಬಂದಿದೆಯೇ ನೋಡಿ, ಇಲ್ಲದಿದ್ದರೆ ಮುಂದಿನ ಕಂದಾಯದ ನೋಟಿಸು ನಿಮಗೇ ಬರುತ್ತದೆ. ಕಚೇರಿಯಿಂದ ಮನೆಗೆ ಬಂದ ಕೂಡಲೇ ಎಲ್ಲರೂ ಆಧಾರ್‌ನ ಬೆರಳಚ್ಚನ್ನು ಯುಐಡಿಎಐ ಆ್ಯಪ್‌ನಲ್ಲಿ ಲಾಕ್ ಮಾಡಿಕೊಳ್ಳಿ: ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತು ಬಳಸಿ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ವರದಿಯಾಗಿವೆ, ಮತ್ತು ಆ ವಾರ ನಿಮ್ಮ ಖಾತೆಗಳಲ್ಲಿ ದೊಡ್ಡ ಮೊತ್ತವೇ ಇರುತ್ತದೆ.